ಮೂರನೇ ಮಹಡಿಯ ಒಕ್ಕಣ್ಣ

ಜೂನ್ 1, ಸೋಮವಾರ

ಇಂದು ಬೆಳಿಗ್ಗೆ ನಮ್ಮ ಹೋಟೆಲಿಗೆ ಶ್ರೀಮಾನ್ ಒಕ್ಕಣ್ಣ ಮಹಾರಾಜರು ಚಿತ್ತೈಸಿದರೆಂದು ತಿಳಿಸಲು ಈ ದಿನಚರಿಯು ಅತ್ಯಂತ ಹರ್ಷಿಸುತ್ತದೆ. ಮಹಾರಾಜರು ಗುಂಡಗೆ, ಕಪ್ಪಗೆ, ಅಂಗೈಯಷ್ಟಗಲ ಇದ್ದಾರೆ. ಮೂರನೇ ಮಹಡಿಯಲ್ಲಿ ಕೋಣೆಗಳ ಮಧ್ಯದ ಓಣಿಯ ಚಾವಣಿಗೆ ಬಾವಲಿಯ ಹಾಗೆ ತಲೆಕೆಳಗಾಗಿ ಅಂಟಿಕೊಂಡಿದ್ದಾರೆ. ಇವರ ಸಹೋದರರು ಮುಂಬಾಗಿಲಲ್ಲೂ ಉಳಿದ ಮಹಡಿಗಳಲ್ಲೂ ಪಟ್ಟಕ್ಕೇರಿದ್ದಾರೆ. ಸಾಮಾನ್ಯ ಜನ ಇವರನ್ನು ಕ್ಯಾಮೆರಾ ಎನ್ನುತ್ತಾರೆ. ಪಾಪ, ಅವರಿಗೇನು ಗೊತ್ತು.

ಹಾಕಿದವನು ಒಬ್ಬ ಸಣಕಲ ಆಸಾಮಿ. ಏಣಿಯನ್ನು ಹೆಗಲಿನಿಂದ ಇಳಿಸದೆಯೇ ಮಾತಾಡುತ್ತಾನೆ, ತಿರುಗಿದಾಗೆಲ್ಲ ಯಾರದೋ ತಲೆಗೆ ತಾಗುತ್ತದೆ. ಆದ್ದರಿಂದ ಅವನು ಏಣಿ ಅಣ್ಣ. ಹಾಕಿಸಿದವರು ಚಿಕ್ಕ ಯಜಮಾನರು, ಅಂದರೆ ತೀರಿಕೊಂಡ ಯಜಮಾನರ ಮಗ.

"ಅತಿಥಿಗಳ ಸುರಕ್ಷತೆಗೆ," ಎಂದರು ಚಿಕ್ಕ ಯಜಮಾನರು.

"ಇಷ್ಟು ದಿನ ಅವರನ್ನ ಹುಲಿ ಹೊತ್ಕೊಂಡು ಹೋಗ್ತಿತ್ತಾ?" ಎಂದರು ದೊಡ್ಡಪ್ಪ. ಆದರೆ ಅವರು ಹೊರಟುಹೋದ ಮೇಲೆ.

ದೊಡ್ಡಪ್ಪ ಈ ಹೋಟೆಲಿನ ಮುಂದಿನ ಮೇಜಿನ ಹಿಂದೆ ಕೂತೇ ತಲೆಗೂದಲು ಕಳೆದುಕೊಂಡವರು, ನಾನು ಅವರ ಕೈಕೆಳಗೆ ಕೋಣೆ ಗುಡಿಸಿ ಟೀ ಕಾಯಿಸುವವಳು. ಅವರದೊಂದು ಪದ್ಧತಿ ಉಂಟು. ಮಧ್ಯಾಹ್ನದ ಹೊತ್ತು ಒಂಟಿ ಹೆಜ್ಜೆ ಸದ್ದು ಕೇಳಿದರೆ ಬಾಗಿಲಿನ ಕಡೆ ನೋಡುವುದಿಲ್ಲ. ಎದ್ದು, ಬೆನ್ನು ತಿರುಗಿಸಿ, ಕೀಲಿ ಹಲಗೆಗೆ ಮುಖ ಮಾಡಿ ನಿಲ್ಲುತ್ತಾರೆ. ಬಂದವರು ಕೋಣೆ ಹೇಳಿದರೆ ಕೈ ಹಿಂದೆ ಚಾಚಿ ಕೀಲಿ ಕೊಡುತ್ತಾರೆ. ಚಿಕ್ಕವಳಿದ್ದಾಗ ಯಾಕೆ ಹೀಗೆ ಎಂದು ಕೇಳಿದ್ದೆ. "ಬೆನ್ನಿಗೆ ಸಾಕ್ಷಿ ಹೇಳೋಕಾಗಲ್ಲ ಮಗಾ," ಅಂದಿದ್ದರು.

ಇವತ್ತು ಆ ಹಲಗೆಯನ್ನೇ ಕಿತ್ತರು. ಇನ್ನು ಮೇಲೆ ಕೀಲಿಯಲ್ಲ, ಪ್ಲಾಸ್ಟಿಕ್ ಕಾರ್ಡು. ಹಲಗೆ ಇದ್ದ ಜಾಗದಲ್ಲಿ ಗೋಡೆ ಬೆಳ್ಳಗಿದೆ. ದೊಡ್ಡಪ್ಪ ಅಭ್ಯಾಸಬಲದಿಂದ ಅದಕ್ಕೇ ಮುಖ ಮಾಡಿ ನಿಂತಿದ್ದರು.

ಜೂನ್ 3, ಬುಧವಾರ

ಹೋಟೆಲಿಗೆ ಬಹುಕಾಲ ಸೇವೆ ಸಲ್ಲಿಸಿ, ಅಸಂಖ್ಯ ಬೆನ್ನುಗಳನ್ನು ಒರೆಸಿ, ಕೊನೆಗೆ ಸೊಳ್ಳೆಪರದೆಯಷ್ಟು ತೆಳ್ಳಗಾಗಿದ್ದ ನೀಲಿ ಅಂಚಿನ ಟವೆಲ್ಲು ಇಂದು ನಮ್ಮನ್ನಗಲಿತು. ಮೃತರನ್ನು ಟೀ ಟ್ರೇಯ ಮೇಲೆ ಮಲಗಿಸಿ, ಮೂರನೇ ಮಹಡಿಯ ಓಣಿಯಲ್ಲಿ, ಒಕ್ಕಣ್ಣ ಮಹಾರಾಜರ ಘನ ಉಪಸ್ಥಿತಿಯಲ್ಲಿ ಸಂತಾಪ ಸಭೆ ನಡೆಸಿದೆ. ಕೇಳುವವರಿಲ್ಲದ ಭಾಷಣ ಉಪ್ಪಿಲ್ಲದ ಊಟ. ಹಾಗಾಗಿ ಮಹಾರಾಜರ ಕಡೆಗೇ ತಿರುಗಿ ಮಾತಾಡಿದೆ.

"ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಬಕೆಟ್ಟೇ, ನೆರೆದಿರುವ ದಿಂಬುಗಳೇ..."

ಅಷ್ಟರಲ್ಲಿ ಬುಧವಾರದ ಅಕ್ಕ ಬಂದಳು. ಗಂಟೆ ಲೆಕ್ಕದಲ್ಲಿ ಗಂಡಸರ ಜೊತೆಗಿರುವುದು ಅಕ್ಕನ ಕಸುಬು. ಬುಧವಾರ ಮಧ್ಯಾಹ್ನ ಮೂರಕ್ಕೆ ಮೂಲೆ ಕೋಣೆಗೆ ಬರುತ್ತಾಳೆ, ಸಂಜೆ ಬಸ್ಸು ಹಿಡಿದು ಮನೆಗೆ ಹೋಗುತ್ತಾಳೆ. ಮನೆಯಲ್ಲಿ ಮೊಣಕಾಲು ನೋವಿನ ಅಮ್ಮ ಇದ್ದಾರೆ. ಅಮ್ಮನಿಗೂ ಅವರ ಕಟ್ಟಡದವರಿಗೂ ಅವಳು ರೋಗಿಗಳ ಮನೆಗೆ ಹೋಗಿ ನೋಡಿಕೊಳ್ಳುವ ನರ್ಸು. ಯಾವಾಗಲೂ ಹಸಿರು ಕೋಟು, ಹಣೆ ಮುಚ್ಚುವ ಸ್ಕಾರ್ಫು, ಕಪ್ಪು ಕನ್ನಡಕ, ನೆಲದ ಹಾಸುಗಲ್ಲು ಎಣಿಸುವ ಹಾಗೆ ತಗ್ಗಿಸಿದ ತಲೆ.

ನಾನು ಟ್ರೇ ಅಡ್ಡ ಹಿಡಿದೆ. "ಮುಖ್ಯ ಅತಿಥಿಗಳು ಎರಡು ಮಾತಾಡದೆ ಮುಂದೆ ಹೋಗುವಂತಿಲ್ಲ."

"ಬಿಡೇ ತರಲೆ, ಹೊತ್ತಾಯ್ತು."

"ಅಗಲಿದವರಿಗೆ ಅವಮಾನ ಮಾಡ್ತೀಯಾ?"

ಅಕ್ಕ ಕನ್ನಡಕ ತೆಗೆದಳು. ಸ್ಕಾರ್ಫನ್ನು ಹಿಂದೆ ತಳ್ಳಿದಳು. ತಲೆ ಎತ್ತಿ, ಗಂಟಲು ಸರಿಮಾಡಿಕೊಂಡು, ಕೈ ಜೋಡಿಸಿದಳು. "ಈ ಟವೆಲ್ಲು ನನ್ನ ಎಷ್ಟೋ ಕಣ್ಣೀರು ಒರೆಸಿದೆ ಅಂತ ಹೇಳೋಣ ಅಂದ್ರೆ ಸುಳ್ಳಾಗುತ್ತೆ. ನಾನು ಇದರಲ್ಲಿ ಒರೆಸಿದ್ದು ಬರೀ ಚಪ್ಪಲಿ. ಆದರೂ ಮುಖ ಸಿಂಡರಿಸಲಿಲ್ಲ, ಅಂಥ ದೊಡ್ಡ ಮನಸ್ಸು." ಹೇಳಿ, ತಾನೇ ತಡೆಯಲಾರದೆ ನಕ್ಕಳು. ಅಕ್ಕ ನಕ್ಕರೆ ಕತ್ತು ಹಿಂದಕ್ಕೆ ವಾಲಿ ಮುಖ ಪೂರ್ತಿ ಚಾವಣಿಗೆ ಬರುತ್ತದೆ.

ಆಗ ಕಂಡಿತು ಅವಳಿಗೆ.

"ಏನೇ ಇದು?"

"ಒಕ್ಕಣ್ಣ ಮಹಾರಾಜರು. ಸುರಕ್ಷತೆಗಂತೆ."

"ಆ ಕಡೆಯಿಂದ ನೋಡೋರು ಯಾರು?"

"ಯಾರೂ ಇಲ್ಲ. ಚಿಕ್ಕ ಯಜಮಾನರ ಫೋನಿಗೆ ಬರುತ್ತಂತೆ. ಅವರಿಗೆ ತಲೆ ಬಾಚೋಕೇ ಪುರುಸೊತ್ತಿಲ್ಲ."

ಅಕ್ಕ ಕನ್ನಡಕ ಹಾಕಿಕೊಂಡು ಮೂಲೆ ಕೋಣೆಗೆ ನಡೆದಳು. ಸಭೆ ಯಶಸ್ವಿಯಾಯಿತು. ಬಕೆಟ್ಟು ವಂದನಾರ್ಪಣೆ ಮಾಡಿತು.

ಜೂನ್ 5, ಶುಕ್ರವಾರ

ಅಕ್ಕನ ಹಳೆಯ ಗಿರಾಕಿ ಮೇಷ್ಟ್ರಿಂದ ಫೋನು. ನಿವೃತ್ತರು, ಮೆತ್ತಗೆ ಮಾತಾಡುವವರು. ಮೊನ್ನೆ ಕೋಣೆಯಿಂದ ಹೊರಬರುವಾಗ ಮಹಾರಾಜರನ್ನು ನೋಡಿ ಲಿಫ್ಟು ಬಿಟ್ಟು ಮೆಟ್ಟಿಲಲ್ಲೇ ಇಳಿದು ಹೋಗಿದ್ದರು.

"ಅದರಲ್ಲಿ ನನ್ನ ಮುಖ ಬಂದಿದೆಯೇನಮ್ಮಾ? ಮಗಳ ಸಂಸಾರದ ಜೊತೆ ಇರೋನು ನಾನು. ಮೊಮ್ಮಕ್ಕಳು ಮೊಬೈಲಲ್ಲಿ ಏನೇನೋ ನೋಡ್ತಿರ್ತಾವೆ..."

ನಾನು ಒಂದು ಘನವಾದ ಕೀಟಲೆ ಉತ್ತರವನ್ನು ತಯಾರಿಸುತ್ತಿದ್ದೆ. ದೊಡ್ಡಪ್ಪ ಫೋನು ಕಸಿದುಕೊಂಡರು. "ನೀವು ಯಾರೋ ನನಗೆ ಗೊತ್ತಿಲ್ಲ ಸಾರ್. ನೀವಿಲ್ಲಿಗೆ ಬಂದೇ ಇಲ್ಲ. ಆರೋಗ್ಯ ನೋಡ್ಕೊಳ್ಳಿ," ಎಂದು ಇಟ್ಟರು. ಮುಂಚೆ ಆದರೆ ಈ ಮಾತು ಸುಳ್ಳಾಗಿರುತ್ತಿರಲಿಲ್ಲ, ನಿಜವಾಗಿಯೂ ನೋಡಿರುತ್ತಿರಲಿಲ್ಲ ಎಂದರು ಆಮೇಲೆ.

ಜೂನ್ 6, ಶನಿವಾರ

ಇಪ್ಪತ್ತೊಂದು ತುಂಬಿದ ವೃದ್ಧೆಯಾದ ನಾನು ಇಂದು ನಮ್ಮ ಕಾಲವನ್ನು ಸ್ಮರಿಸಬಯಸುತ್ತೇನೆ. ಕಿರಿಯರು ಕಿವಿಗೊಡಬೇಕು.

ನಮ್ಮ ಕಾಲದಲ್ಲಿ ಕೀಲಿಗಳಿಗೆ ಪೇರಲೆಹಣ್ಣಿನಷ್ಟು ದಪ್ಪದ ಹಿತ್ತಾಳೆ ಗುಂಡು ಇರುತ್ತಿತ್ತು, ಯಾರೂ ಮರೆತು ಜೇಬಲ್ಲಿ ಹಾಕಿಕೊಂಡು ಹೋಗಬಾರದೆಂದು. ಆದರೂ ಒಬ್ಬ ಹೋಗಿದ್ದ, ಪ್ಯಾಂಟು ಜಾರಿದ ಮೇಲೆ ವಾಪಸು ತಂದ. ಲಿಫ್ಟಿಗೆ ಮಡಿಚುವ ಕಬ್ಬಿಣದ ಬಾಗಿಲಿತ್ತು, ಮುಚ್ಚುವಾಗ ಹಲ್ಲು ಕಡಿಯುವ ಸದ್ದು. ಶಾಲೆಗೆ ರಜೆ ಬಂತೆಂದರೆ ಅಮ್ಮ ನನ್ನನ್ನು ದೊಡ್ಡಪ್ಪನ ಜೊತೆ ಇಲ್ಲಿಗೆ ಅಟ್ಟುತ್ತಿದ್ದಳು, ಮನೆ ಉಳಿಯಲಿ ಎಂದು. ಎರಡನೇ ಮಹಡಿಯ ಬಟ್ಟೆ ಕೋಣೆಯಲ್ಲಿ ಇಸ್ತ್ರಿಯಾದ ಹಾಸಿನ ರಾಶಿಯ ಮೇಲೆ ಹತ್ತಿ ಕೂರುವುದು. ಬಿಸಿ ಬಟ್ಟೆಯ ವಾಸನೆ. ಮಧ್ಯಾಹ್ನದ ಆ ನಿಶ್ಶಬ್ದ, ಎಲ್ಲೋ ಒಂದು ನಲ್ಲಿ ಸೋರುವುದು.

ಅಕ್ಕ ಪರಿಚಯವಾದದ್ದು ಅಲ್ಲೇ. ಗಿರಾಕಿ ತಡವಾದರೆ ಒಳಗೆ ಬಂದು ನನ್ನ ಜೊತೆ ಇಸ್ಪೀಟು ಆಡುತ್ತಿದ್ದಳು. ಆಡುತ್ತಿದ್ದಳು ಎನ್ನುವುದಕ್ಕಿಂತ ಮೋಸ ಮಾಡುತ್ತಿದ್ದಳು ಎನ್ನಬೇಕು. ರಾಣಿಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, "ರಾಣಿಗೆ ತಲೆನೋವಂತೆ, ಮಲಗಿದ್ದಾಳೆ," ಎನ್ನುವಳು. ಅವಳ ಕೆಲಸ ಏನೆಂದು ನನಗೆ ಗೊತ್ತಾದಾಗ ಕಾಲೇಜಿನಲ್ಲಿದ್ದೆ. ಅಷ್ಟರೊಳಗೆ ಅವಳು ಅಕ್ಕ ಆಗಿಬಿಟ್ಟಿದ್ದಳು, ಬದಲಾಯಿಸಲು ಬರುತ್ತಿರಲಿಲ್ಲ.

ಆಗ ಸುರಕ್ಷತೆ ಇರಲಿಲ್ಲ ಎನ್ನುವವರಿಗೆ ಉತ್ತರ: ದೊಡ್ಡಪ್ಪ ಮೂಲೆ ಕೋಣೆಗೆ ಮಧ್ಯೆ ಒಂದು ಸಲ ಫೋನು ಮಾಡುತ್ತಿದ್ದರು. "ನೀರು ಸಾಕಾ?" ಅಷ್ಟೇ. ಅಕ್ಕ "ಸಾಕು" ಅಂದರೆ ಸರಿ. ಒಮ್ಮೆ "ಇನ್ನೊಂದು ಜಗ್ ಬೇಕು" ಅಂದಳು. ದೊಡ್ಡಪ್ಪ ಜಗ್ ಹಿಡಿದು ತಾವೇ ಮೇಲೆ ಹೋದರು. ಬಾಗಿಲು ತೆರೆಸಿ, ಒಳಗಿದ್ದವನು ಬೂಟು ಹಾಕಿಕೊಂಡು ಹೊರಡುವವರೆಗೂ ಅಕ್ಕನಿಗೆ ಬೆನ್ನು ಮಾಡಿ ಜಗ್ ಹಿಡಿದೇ ನಿಂತಿದ್ದರಂತೆ, ಒಂದು ಮಾತಿಲ್ಲದೆ. ಅಂಥ ಗಂಡಾಳು ಕೆಳಗಿಳಿಯುವಾಗ ಮೂರು ಸಲ ಎಡವಿದ.

ಬರೆಯುತ್ತಾ ಟೀ ಆರಿಹೋಯಿತು. ಮುಪ್ಪು ಎಂದರೆ ಇದೇ ಇರಬೇಕು.

ಜೂನ್ 9, ಮಂಗಳವಾರ

ನನ್ನ ಕೀರ್ತಿ ದಿಗಂತ ಮುಟ್ಟಿದೆ! ಏಣಿ ಅಣ್ಣ ಮುಂಬಾಗಿಲಿನ ಒಕ್ಕಣ್ಣನ ಕಣ್ಣು ಒರೆಸಲು ಬಂದಿದ್ದ. ನನ್ನನ್ನು ನೋಡಿ ನಕ್ಕು, "ಏನಮ್ಮಾ, ಟವೆಲ್ಲಿನ ದುಃಖ ಆರ್ತಾ? ಬಕೆಟ್ ಭಾಷಣ ಮಾಡಿದ್ದು ಮಾತ್ರ ಸೂಪರ್," ಎಂದ.

ತಲೆ ಬಾಗಿ ಅಭಿನಂದನೆ ಸ್ವೀಕರಿಸಿದೆ. ಕಲಾವಿದೆಗೆ ಪ್ರೇಕ್ಷಕ ಸಿಕ್ಕಿದ. ಮುಂದಿನ ವಾರ ದಿಂಬಿನ ಪಟ್ಟಾಭಿಷೇಕ ಇಟ್ಟುಕೊಳ್ಳೋಣ ಎಂದಿದ್ದೇನೆ.

ಜೂನ್ 10, ಬುಧವಾರ

ಅಕ್ಕ ಬಂದಳು. ಕಾರ್ಡು ತೆಗೆದುಕೊಳ್ಳಲಿಲ್ಲ. ಬಟ್ಟೆ ಕೋಣೆಗೆ ಬಾ ಎಂದು ಕಣ್ಣಲ್ಲೇ ಕರೆದಳು.

ಫೋನು ತೋರಿಸಿದಳು. ಅದರಲ್ಲಿ ಅವಳದೇ ಫೋಟೋ, ಮೇಲಿನಿಂದ ತೆಗೆದದ್ದು. ಕತ್ತು ಹಿಂದಕ್ಕೆ ವಾಲಿ ನಗುತ್ತಿದ್ದಾಳೆ. ಪಕ್ಕದಲ್ಲಿ ನನ್ನ ಕೈ, ಟ್ರೇ, ಟವೆಲ್ಲಿನ ನೀಲಿ ಅಂಚು. ಕೆಳಗೆ ಬರೆದಿತ್ತು: ನೀವು ಇಳಿಯೋ ಬಸ್ ಸ್ಟಾಪು, ನಿಮ್ಮ ಕಟ್ಟಡ ಎರಡೂ ಗೊತ್ತು. ಮುಂದಿನ ಬುಧವಾರ ಹೋಟೆಲಿನ ಕೆಲಸ ಮುಗಿದ ಮೇಲೆ ನನ್ನ ಹತ್ತಿರವೂ ಬರಬೇಕು. ಇಲ್ಲದಿದ್ದರೆ ನಿಮ್ಮ ಕಟ್ಟಡದವರೆಲ್ಲ ನಿಮ್ಮ ನರ್ಸಿಂಗ್ ನೋಡುತ್ತಾರೆ.

"ಯಾರು ಅಂತ ಗೊತ್ತಿಲ್ಲ," ಅಂದಳು ಅಕ್ಕ. "ಹೋದ ಬುಧವಾರ ಮನೆವರೆಗೂ ಹಿಂದೆ ಬಂದಿರಬೇಕು, ನರ್ಸ್ ಬೇಕು ಅಂದ್ರೆ ಕಟ್ಟಡದೋರು ಯಾರಿಗೂ ನನ್ನ ನಂಬರ್ ಕೊಟ್ಬಿಡ್ತಾರೆ. ಇಷ್ಟು ವರ್ಷದಲ್ಲಿ ನನ್ನ ಮುಖ ಎಲ್ಲೂ ಸಿಕ್ಕಿರಲಿಲ್ಲ ಕಣೇ. ಅಮ್ಮನ ಮೊಣಕಾಲು ಬಿಟ್ರೆ ಬೇರೆ ಚಿಂತೆ ಇಲ್ಲ. ಪಕ್ಕದ ಮನೆಯೋರು ದಿನಾ ಸಂಜೆ ಬಂದು ಅವಳ ಜೊತೆ ಕೂರ್ತಾರೆ. ಅವರು ಬರೋದು ನಿಂತರೆ ಅವಳು ಉಳಿಯಲ್ಲ."

ನನಗೆ ಗೊತ್ತಿತ್ತು ಯಾರು ಅಂತ. ನಿನ್ನೆಯೇ ಗೊತ್ತಾಗಬೇಕಿತ್ತು. ಆ ಓಣಿಯಲ್ಲಿ ನಾನು, ಅಕ್ಕ, ಒಂದು ಬಕೆಟ್ಟು ಬಿಟ್ಟರೆ ಯಾರೂ ಇರಲಿಲ್ಲ. ಏಣಿಯವನಿಗೆ ಭಾಷಣ ಹೇಳಿದವರು ಯಾರು? ಒಕ್ಕಣ್ಣನಿಗೆ ಕಿವಿಯೂ ಇತ್ತು, ಆ ಕಡೆ ಅವನಿದ್ದ. ನಾನು ತಲೆ ಬಾಗಿಸಿ ಅವನಿಗೆ ವಂದಿಸಿದೆ.

ಒಕ್ಕಣ್ಣ ಅಲ್ಲಿದ್ದಾನೆ ಅಂತ ಗೊತ್ತಿದ್ದೂ ಅವಳ ಕನ್ನಡಕ ತೆಗೆಸಿದವಳು ನಾನೇ.

ಜೂನ್ 11, ಗುರುವಾರ

ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಬ್ಬರೂ ಚಿಕ್ಕ ಯಜಮಾನರ ಕೋಣೆಗೆ ಹೋದೆವು.

"ಪಾಸ್‌ವರ್ಡ್ ನನ್ನೊಬ್ಬನ ಹತ್ರ ಇದೆ. ಬೇರೆ ಯಾರೂ ನೋಡೋಕಾಗಲ್ಲ," ಎಂದರು.

"ಹಾಕಿಕೊಟ್ಟೋರು ಯಾರು ಬುದ್ಧಿ?" ದೊಡ್ಡಪ್ಪ ಕೇಳಿದರು.

"ಅವನೇ. ಅವನಿಗೆ ನೆನಪಿರುತ್ತಾ ಅದೆಲ್ಲ? ಮತ್ತೆ, ಅಂಥೋರು ಇಲ್ಲಿಗೆ ಬರೋದೇ ಬೇಡ. ಅದಕ್ಕೇ ಹಾಕಿಸಿದ್ದು ಅಂತ ಇಟ್ಕೊಳ್ಳಿ."

ದೊಡ್ಡಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಅವರು ಹಾಗೆ ಮಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. "ಹೋದ ವಾರ ನಿಮ್ಮ ಮನೆಗೆ ಬಣ್ಣ ಹೊಡೆಸುವಾಗ ನಿಮ್ಮ ಹೆಂಡ್ತಿ, ತಂಗಿ ಮೂರು ದಿನ ಮೂರನೇ ಮಹಡೀಲೇ ಇದ್ರು. ನೈಟಿಯಲ್ಲೇ ಓಣೀಲಿ ಓಡಾಡಿದ್ರು, ನಮ್ಮ ಹೋಟೆಲ್ ತಾನೇ ಅಂತ. ಅದೂ ಅವನ ಫೋನಲ್ಲಿದೆ."

ಚಿಕ್ಕ ಯಜಮಾನರ ಮುಖದ ಬಣ್ಣ ಇಳಿಯಿತು. ಅಕ್ಕನಿಗಾಗಿ ಇಳಿಯದ ಬಣ್ಣ. ಇರಲಿ, ಇಳಿಯಿತಲ್ಲ.

"ಸಾಬೀತು ಏನಿದೆ?" ಎಂದರು.

ಸಾಬೀತು ನಾನು ಕೊಡುತ್ತೇನೆ ಎಂದೆ.

ಜೂನ್ 17, ಬುಧವಾರ

ಒಂದು ವಾರ ಅಕ್ಕ ಅವನಿಗೆ "ಆಯ್ತು, ಬುಧವಾರ ಬರ್ತೀನಿ" ಎಂದು ಕಳಿಸಿ ಕೂತಿದ್ದಳು. ಅವಳ ಹಸಿರು ಕೋಟು, ಸ್ಕಾರ್ಫು, ಕನ್ನಡಕ ನಿನ್ನೆಯೇ ನನಗೆ ತಂದುಕೊಟ್ಟಿದ್ದಳು.

ಮೂರಕ್ಕೆ ಸ್ವಲ್ಪ ಮುಂಚೆ ಚಿಕ್ಕ ಯಜಮಾನರೂ ದೊಡ್ಡಪ್ಪನೂ ಇನ್ನೂ ಎರಡು ಕ್ಯಾಮೆರಾ ಬೇಕು ಎನ್ನುವ ನೆಪದಲ್ಲಿ ಏಣಿಯವನ ಅಂಗಡಿಯಲ್ಲಿ ಕೂತರು. ಮೂರಕ್ಕೆ ನಾನು ಅಕ್ಕನ ವೇಷದಲ್ಲಿ ಲಿಫ್ಟಿನಿಂದ ಹೊರಬಂದು, ತಲೆ ತಗ್ಗಿಸಿ, ಓಣಿಯಲ್ಲಿ ನಡೆದೆ. ಆ ಓಣಿ ಎಷ್ಟು ಉದ್ದ ಅಂತ ನನಗೆ ಗೊತ್ತೇ ಇರಲಿಲ್ಲ. ಓಡಿಕೊಂಡೇ ದಾಟಿದ್ದೆ ಇಷ್ಟು ದಿನ. ತಲೆ ತಗ್ಗಿಸಿ ನಡೆದರೆ ಕತ್ತು ನೋಯುತ್ತದೆ. ಬೆನ್ನಿನ ಮೇಲೆ ಯಾರೋ ಒದ್ದೆ ಕೈ ಇಟ್ಟ ಹಾಗೆ.

ಒಕ್ಕಣ್ಣನ ಕೆಳಗೆ ನಿಂತು, ಕೋಟಿನೊಳಗಿಂದ ರಟ್ಟು ತೆಗೆದು ಮೇಲೆತ್ತಿ ಹಿಡಿದೆ. ದಪ್ಪ ಅಕ್ಷರದಲ್ಲಿ ಬರೆದಿದ್ದೆ: ಅಂಗಡಿ ಹೊರಗಿಟ್ಟ ನಿನ್ನ ಏಣಿಯನ್ನು ಕಳ್ಳ ಹೊತ್ಕೊಂಡು ಹೋದ.

ಹಿಡಿದುಕೊಂಡೇ ನಿಂತೆ. ಕೈ ಸೋತಿತು. ಆ ಕಡೆ ಯಾರಾದರೂ ಇದ್ದಾರಾ ಇಲ್ಲವಾ ತಿಳಿಯುವುದಿಲ್ಲ. ತಿಳಿಯದೆ ಇರುವುದೇ ಅದರ ಕೆಲಸ ಅಂತ ಕಾಣುತ್ತದೆ. ನನಗೆ ಒಂದೇ ಒಂದು ಅಣಕವೂ ಹೊಳೆಯಲಿಲ್ಲ.

ಉಳಿದದ್ದು ದೊಡ್ಡಪ್ಪ ಹೇಳಿದ್ದು. ಏಣಿಯವನು ಚಿಕ್ಕ ಯಜಮಾನರಿಗೆ ಬೆಲೆ ಹೇಳುತ್ತಲೇ ಮೇಜಿನ ಕೆಳಗೆ ಫೋನು ನೋಡುತ್ತಿದ್ದನಂತೆ, ಬಾಯಲ್ಲೊಂದು ಸಣ್ಣ ನಗು. ತಟ್ಟನೆ ನಗು ಹೋಯಿತು. "ಅಯ್ಯೋ ನನ್ನ ಏಣಿ!" ಎಂದು ಕುರ್ಚಿ ಬೀಳಿಸಿ ಬೀದಿಗೆ ಓಡಿದ. ಏಣಿ ಗೋಡೆಗೆ ಒರಗಿಕೊಂಡು ಸುಖವಾಗಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಚಿಕ್ಕ ಯಜಮಾನರು.

"ಏಣಿ ಹೋಯ್ತು ಅಂತ ನಿನಗೆ ಯಾರಪ್ಪಾ ಹೇಳಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನನ್ನು ಗಾದೆಯಲ್ಲಿ ಮಾತ್ರ ಕಂಡಿದ್ದೆ ಎಂದರು ದೊಡ್ಡಪ್ಪ.

ಫೋನು ಕಿತ್ತುಕೊಂಡು ನೋಡಿದರು. ಅಕ್ಕ ಒಬ್ಬಳೇ ಅಲ್ಲ. ಮೇಷ್ಟ್ರು ಮೆಟ್ಟಿಲ ಕಡೆ ಓಡುತ್ತಿರುವುದು. ಚಿಕ್ಕ ಯಜಮಾನರ ತಂಗಿ. ಬೇರೆ ಎಲ್ಲೆಲ್ಲಿಯದೋ ಓಣಿಗಳು, ಯಾರ್ಯಾರದೋ ಬಾಗಿಲುಗಳು. ಎದುರಿಗೇ ಎಲ್ಲ ಅಳಿಸಿದರು. ಬೇರೆಲ್ಲಾದರೂ ಇಟ್ಟಿದ್ದಾನಾ ಎಂದರೆ ಇಲ್ಲ ಎಂದು ತಾಯಾಣೆ ಹಾಕಿದನಂತೆ. ಅವನ ಆಣೆಯನ್ನು ಎಷ್ಟು ನಂಬಬೇಕೋ ಅಷ್ಟು ನಂಬಿ ಬಂದಿದ್ದಾರೆ.

ಪೊಲೀಸರಿಗೆ ಹೇಳಲೇಬೇಕು ಎಂದೆ ನಾನು. ದೊಡ್ಡಪ್ಪ ಅಕ್ಕನಿಗೆ ಫೋನು ಮಾಡಿ ಕೇಳಿದರು. ದೂರು ಕೊಟ್ಟರೆ ಹೆಸರು, ವಿಳಾಸ, ಕಸುಬು ಬರೆಸಬೇಕಲ್ಲ, ಬೇಡ ಎಂದಳಂತೆ. ಮುಚ್ಚಿಡಬೇಕಾದ್ದನ್ನೇ ಬರೆಸಿ ಮುಚ್ಚಿಡೋದು ಹೇಗೆ ಎಂದಳಂತೆ.

ಜೂನ್ 19, ಶುಕ್ರವಾರ

ಮಹಡಿಗಳ ಒಕ್ಕಣ್ಣರನ್ನೆಲ್ಲ ಇಳಿಸಿದರು. ಮುಂಬಾಗಿಲಿನದು ಮಾತ್ರ ಉಳಿದಿದೆ. ಪಾಸ್‌ವರ್ಡ್ ಬದಲಾಗಿದೆ. ಇಳಿಸಿದ್ದು ಹೆಂಡತಿಗಾಗಿಯೋ ತಂಗಿಗಾಗಿಯೋ, ಅಕ್ಕನಿಗಾಗಿ ಅಂತೂ ಅಲ್ಲ. ಚಾವಣಿಯಲ್ಲಿ ಎರಡು ತೂತು ಉಳಿದಿವೆ.

ಜೂನ್ 22, ಸೋಮವಾರ

ದೊಡ್ಡಪ್ಪ ಟೀ ಕುಡಿಯುವ ಮುನ್ನ ಮೂಸಿ ನೋಡಿದರು. ನಾನು ಕೀಟಲೆಗೆ ಆಗಾಗ ಹಾಕುವ ಉಪ್ಪು ಇರಲಿಲ್ಲ. "ಹುಷಾರಿಲ್ವಾ ಮಗಾ?" ಎಂದರು. ಕೆಲಸ ಜಾಸ್ತಿ ಇತ್ತು, ಅಷ್ಟೇ.

ಜೂನ್ 24, ಬುಧವಾರ

ಅಕ್ಕ ಕೋಟು ತೆಗೆದುಕೊಂಡು ಹೋಗಲು ಬಂದಳು. ಬಟ್ಟೆ ಕೋಣೆಯಲ್ಲಿ ಕೂತೆವು. ಇಸ್ಪೀಟು ತೆಗೆದೆ, ಆಡಲಿಲ್ಲ.

"ಇನ್ನು ಇಲ್ಲಿಗೆ ಬರಲ್ಲ ಕಣೇ."

"ಎಲ್ಲ ತೆಗೆದುಹಾಕಿದ್ದಾರೆ ಅಕ್ಕ. ಬೇಕಾದ್ರೆ ಮೇಲೆ ಬಂದು ನೋಡು."

"ಗೊತ್ತು. ಆದರೂ ಆ ಓಣೀಲಿ ಕಾಲಿಟ್ರೆ ತಲೆ ತಾನಾಗೇ ಮೇಲೆ ನೋಡುತ್ತೆ. ಹಾಗೆ ನೋಡೋ ಅಭ್ಯಾಸ ಆದ್ರೆ ನಾನು ಕೆಟ್ಟೆ."

ತಪ್ಪು ನನ್ನದು ಎಂದೆ. ಒಂದು ವಾರದಿಂದ ಈ ಮಾತಿಗೆ ಏನೇನೋ ಅಲಂಕಾರ ಯೋಚಿಸಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

ಅಕ್ಕ ಇಲ್ಲ ಅನ್ನಲಿಲ್ಲ. "ನಿಂದೂ ಇದೆ, ನಂದೂ ಇದೆ. ಇಷ್ಟು ವರ್ಷ ತಲೆ ತಗ್ಗಿಸಿ ನಡೆದೋಳು, ಹೋಗಿ ಹೋಗಿ ಒಂದು ಟವೆಲ್ಲಿಗೋಸ್ಕರ ತಲೆ ಎತ್ತಿದೆ." ಸ್ವಲ್ಪ ಹೊತ್ತು ಹಾಸುಗಳ ಅಂಚು ಸರಿಮಾಡಿದಳು. "ಆದರೆ ಆ ಫೋಟೋದಲ್ಲಿ ಚೆನ್ನಾಗಿ ಬಂದಿದ್ದೆ ಅಲ್ವೇನೇ? ನಗೋವಾಗ ನಾನು ಹೇಗೆ ಕಾಣ್ತೀನಿ ಅಂತ ನನಗೇ ಗೊತ್ತಿರಲಿಲ್ಲ. ಅಳಿಸೋಕೆ ಮುಂಚೆ ಎರಡು ಸಲ ನೋಡಿದೆ."

"ಎಲ್ಲಿಗೆ ಹೋಗ್ತೀಯ?"

"ಹೇಳಿದ್ರೆ ನಿನಗೆ ಗೊತ್ತಾಗುತ್ತೆ," ಎಂದು ನನ್ನ ಕೆನ್ನೆ ಹಿಂಡಿದಳು.

ಹೊರಡುವಾಗ ದೊಡ್ಡಪ್ಪ ಎದ್ದು ನಿಂತರು. ಗೋಡೆಗೆ ತಿರುಗಲಿಲ್ಲ. ಟೋಪಿ ತೆಗೆದು, ಅಷ್ಟು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿ, "ಹೋಗಿ ಬಾಮ್ಮಾ," ಎಂದರು. "ನೀವು ಇಷ್ಟು ಬೋಳು ಅಂತ ಗೊತ್ತಿರಲಿಲ್ಲ ಅಣ್ಣಾ, ಬರೀ ಹಿಂದಿನ ಕೂದಲು ನೋಡಿದ್ದೆ," ಎಂದಳು ಅಕ್ಕ. ದೊಡ್ಡಪ್ಪ ನಕ್ಕದ್ದಕ್ಕೆ ಕೈಯಲ್ಲಿದ್ದ ಟೋಪಿ ಬಿತ್ತು.

ಜುಲೈ 11, ಶನಿವಾರ

ಅಮ್ಮ ಹೇಳಿದ ಸಾಮಾನು ತರಲು ಊರಿನ ಆ ತುದಿಯ ದೊಡ್ಡ ಅಂಗಡಿಗೆ ಹೋಗಿದ್ದೆ. ಸೋಪುಗಳ ಸಾಲಿನಲ್ಲಿ ಅಕ್ಕ. ಸ್ಕಾರ್ಫಿಲ್ಲ, ಕಪ್ಪು ಕನ್ನಡಕವಿಲ್ಲ. ಅವಳ ತೋಳು ಹಿಡಿದುಕೊಂಡು ಒಬ್ಬರು ಮುದುಕಿ, ಇನ್ನೊಂದು ಕೈಯಲ್ಲಿ ಊರುಗೋಲು. ಆ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು, ಬುಟ್ಟಿ ಹಿಡಿದು, "ಈ ಸಲ ನಿಮ್ಮ ಮಗಳ ಕೈಲೇ ಪೇಶೆಂಟ್ ಮನೆಯೋರು ಒಳ್ಳೆ ಎಣ್ಣೆ ಕಳಿಸ್ತಾರೆ ಬಿಡಿ ಅಜ್ಜೀ," ಎನ್ನುತ್ತಿದ್ದಳು. ಪಕ್ಕದ ಮನೆಯವಳೇ ಇರಬೇಕು. ಫೋಟೋ ಅಲ್ಲಿಗೆ ಹೋಗಿಲ್ಲ. ಹೋಗಿಲ್ಲ, ಹೋಗಿಲ್ಲ.

ಅಕ್ಕ ನನ್ನನ್ನು ನೋಡಿದಳು. ನಾನು ಸೋಪು ನೋಡಿದೆ.

ಹಾಗೇ ದಾಟಿಹೋಗುತ್ತಿದ್ದೆ. ಮುದುಕಿ ನನ್ನ ತೋಳು ಹಿಡಿದರು. "ಮಗೂ, ಈ ಡಬ್ಬಿ ಮೇಲೆ ಏನು ಬರೆದಿದೆ ಓದಿ ಹೇಳ್ತೀಯಾ? ಇವಳು ಓದೋ ಕನ್ನಡಕ ಬಿಟ್ಟು ಬಂದಿದ್ದಾಳೆ."

ಮೊಣಕಾಲು ನೋವಿನ ಮುಲಾಮು. ಮೊದಲಿನಿಂದ ಕೊನೆಯವರೆಗೂ ಓದಿದೆ. ದಿನಕ್ಕೆ ಎರಡು ಸಲ, ಹೊರಗೆ ಮಾತ್ರ, ಮಕ್ಕಳ ಕೈಗೆ ಸಿಗದಂತೆ ಇಡಿ. ಒಂದಕ್ಷರ ಸೇರಿಸಲಿಲ್ಲ. ಡಬ್ಬಿ ವಾಪಸು ಕೊಟ್ಟೆ.

"ಚೆನ್ನಾಗಿರು ಮಗೂ," ಎಂದರು. ನಾನು ನಾಲ್ಕು ಹೆಜ್ಜೆ ಹೋಗಿದ್ದೆ, ಹಿಂದೆ ಮಗಳಿಗೆ ಹೇಳುವುದು ಕೇಳಿಸಿತು: "ಎಷ್ಟು ಗಂಭೀರ ಹುಡುಗಿ ನೋಡೇ. ಈ ಕಾಲದಲ್ಲಿ ಇಂಥೋರು ಎಲ್ಲಿ ಸಿಗ್ತಾರೆ?"

"ಹೂಂ ಅಮ್ಮಾ," ಎಂದಳು ಅಕ್ಕ, "ಪಾಪ, ಹುಟ್ಟಿದಾಗಿನಿಂದ ನಕ್ಕೇ ಇಲ್ಲ ಅನ್ಸುತ್ತೆ."

ಇಂಥ ಅಪವಾದವನ್ನು ನನ್ನ ಮೇಲೆ ಈವರೆಗೆ ಯಾರೂ ಹೊರಿಸಿರಲಿಲ್ಲ. ಹೊರಗೆ ಬಂದು ಅಂಗಡಿಯ ಗೋಡೆಗೆ ಮುಖ ಮಾಡಿ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣು ಒರೆಸಿಕೊಂಡೆ. ಅವರು ಹೊರಬರುವಷ್ಟರಲ್ಲಿ ನಾನು ಬಸ್ಸಿನಲ್ಲಿದ್ದೆ. ಅಮ್ಮ ಹೇಳಿದ ಸಾಮಾನು ತರುವುದು ಮರೆತೇಹೋಯಿತು.